ಮೊಲಕ್ಕೆ ಮೂರೇ ಕಾಲು

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಮಾತನಾಡುತ್ತಾ, ಮಗನಿಗಾಗಿ ಒಂದು ಜೊತೆ ಮೊಲಗಳನ್ನು ತಂದಿರುವುದಾಗಿ ತಿಳಿಸಿದ. "ಪಂಜರ ಬಹಳ ಅನುಕೂಲವಾಗಿದೆ ಸಾರ್. ಅಡಿಗೆ ತಂತಿಜಾಲರಿ ಇದೆ. ಹಿಕ್ಕೆಯೆಲ್ಲ ಕೆಳಗಿನ ತಟ್ಟೆಗೆ ಬೀಳುತ್ತದೆ, ಗಲೀಜೇ ಇಲ್ಲ" ಎಂದು ಸಂತೋಷಪಟ್ಟ. ಆ ಮಾತು ಕೇಳಿ ನನ್ನ ಎದೆ ಚುರುಕ್ಕೆಂದಿತು. ಎರಡು ವರ್ಷಗಳ ಹಿಂದೆ ನಾನೂ ಅದೇ ಮಾತನ್ನು ಅಷ್ಟೇ ಸಂತೋಷದಿಂದ ಆಡಿದ್ದೆ. ಅವನಿಗೆ ಹೇಳಿದ್ದನ್ನೇ ಇಲ್ಲಿಯೂ ಬರೆದಿಡುತ್ತಿದ್ದೇನೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಮೊಲವಿದ್ದರೆ ಉಪಯೋಗಕ್ಕೆ ಬಂದೀತು.

ಮೊಮ್ಮಗಳು ನಮ್ಮಲ್ಲಿದ್ದು ಶಾಲೆಗೆ ಹೋಗುತ್ತಿದ್ದ ವರ್ಷವದು. ಅವಳ ಹಟಕ್ಕೆ ಮಣಿದು ಒಂದು ಬಿಳಿಯ ಮೊಲವನ್ನು ತಂದೆವು. ಅವಳೇ ಅದಕ್ಕೆ 'ಬೆಣ್ಣೆ' ಎಂದು ಹೆಸರಿಟ್ಟಳು. ತಂತಿಜಾಲರಿಯ ಪಂಜರವನ್ನು ಆರಿಸಿದವನು ನಾನು. ಜೀವಶಾಸ್ತ್ರ ಬೋಧಿಸಿದವನಲ್ಲವೇ? ಶುಚಿತ್ವದ ಬಗ್ಗೆ ಒಂದು ಸಣ್ಣ ಉಪನ್ಯಾಸವನ್ನೂ ಕೊಟ್ಟೆ. ಬೆಣ್ಣೆಗೆ ದಿನಕ್ಕೆರಡು ಕ್ಯಾರೆಟ್, ನಮ್ಮ ಕಾಫಿಯ ಹೊತ್ತಿಗೆ ಅರ್ಧ ಬಿಸ್ಕತ್ತು. ಅದು ದುಂಡಗಾದಷ್ಟೂ ನಮಗೆ ಹಿಗ್ಗು.

ತೀರ್ಥಹಳ್ಳಿಯ ಮಳೆಗಾಲ ನಿಮಗೆ ಗೊತ್ತೇ ಇದೆ. ಆಷಾಢದಲ್ಲಿ ಬಟ್ಟೆ ಒಣಗದು, ಗೋಡೆ ಬೆವರುತ್ತದೆ. ಬೆಣ್ಣೆಯನ್ನು ಅಂಗಳಕ್ಕೆ ಬಿಡಲಾಗದೆ ಇಡೀ ದಿನ ಪಂಜರದಲ್ಲೇ ಇಡಲಾರಂಭಿಸಿದೆವು. ಒಂದು ಸಂಜೆ ನಮ್ಮ ಮನೆಯಾಕೆ, "ಯಾಕೋ ಇದು ಒಂದು ಹಿಂಗಾಲನ್ನು ಊರುವುದೇ ಇಲ್ಲ, ನೋಡಿ" ಎಂದಳು. "ಮೊಲ ಕೂರುವ ರೀತಿಯೇ ಹಾಗೆ" ಎಂದು ನಾನು ಪತ್ರಿಕೆಯಿಂದ ತಲೆಯೆತ್ತದೆ ಹೇಳಿದೆ. ಎರಡು ದಿನ ಬಿಟ್ಟು ಮತ್ತೆ ಹೇಳಿದಳು. ಮತ್ತೆ ಅದೇ ಉತ್ತರ. "ಸರಿ, ನೀವು ಹಿಡಿದ ಮೊಲಕ್ಕೆ ಮೂರೇ ಕಾಲು" ಎಂದು ಆಕೆ ಒಳಗೆ ಹೋದಳು. ಗಾದೆ ಅಕ್ಷರಶಃ ನಿಜವಾಗಿತ್ತು. ನನ್ನ ಮೊಲ ಮೂರು ಕಾಲಿನ ಮೇಲೆಯೇ ಕುಳಿತಿತ್ತು.

ವಾರದ ಮೇಲೆ ಮೊಮ್ಮಗಳು ಅದನ್ನು ಮಡಿಲಿಗೆ ಎತ್ತಿಕೊಂಡಾಗ ಅವಳ ಲಂಗದ ಮೇಲೆ ರಕ್ತದ ಕಲೆ ಕಂಡಿತು. ಆಗಲೇ ನಾನು ಮೊದಲ ಬಾರಿಗೆ ಅದರ ಅಂಗಾಲನ್ನು ನೋಡಿದ್ದು. ಎರಡೂ ಹಿಂಗಾಲುಗಳ ಹಿಮ್ಮಡಿಯ ಕೂದಲು ಉದುರಿ, ಚರ್ಮ ಕೆಂಪಾಗಿತ್ತು. ಎಡಗಾಲಿನಲ್ಲಿ ಕಾಸಿನಗಲದ ಹುಣ್ಣು. ಅಷ್ಟು ದಿನ ಅದು ಒಮ್ಮೆಯೂ ನರಳಿರಲಿಲ್ಲ. ಬೇಟೆಗೆ ಗುರಿಯಾಗುವ ಪ್ರಾಣಿ ತನ್ನ ನೋವನ್ನು ತೋರಿಸಿಕೊಳ್ಳುವುದಿಲ್ಲ ಎಂಬುದನ್ನು ನಾನೇ ಪಾಠ ಹೇಳಿದ್ದುಂಟು.

ಆಮೇಲಾದರೂ ನಾನು ಸುಮ್ಮನಿದ್ದೆನೇ? ಮನೆಯಲ್ಲಿದ್ದ ಮುಲಾಮು ಹಚ್ಚಿ, ಬಟ್ಟೆ ಸುತ್ತಿ ಬಿಗಿದು ಕಟ್ಟಿದೆ. ಮಾರನೆಯ ದಿನ ಅದು ಮೂತ್ರದಿಂದ ನೆನೆದು ನಾರುತ್ತಿತ್ತು. ನನ್ನ ಹಲ್ಲುನೋವಿಗೆ ತಂದು ಉಳಿದಿದ್ದ ಅಮಾಕ್ಸಿಸಿಲಿನ್ ಕ್ಯಾಪ್ಸೂಲನ್ನು ಬಿಡಿಸಿ, ಕಾಲು ಭಾಗವನ್ನು ನೀರಿನಲ್ಲಿ ಕದಡಿ ಕುಡಿಸಲು ಸಿದ್ಧನಾದೆ. ಮನೆಯಾಕೆ ಕೈಹಿಡಿದು ತಡೆದಳು. "ಮೊದಲು ಡಾಕ್ಟರರಿಗೆ ತೋರಿಸಿ" ಎಂದಳು. ಬುಟ್ಟಿಯಲ್ಲಿ ಮೊಲವನ್ನಿಟ್ಟುಕೊಂಡು, ಜೊತೆಗೆ ಮೊಮ್ಮಗಳನ್ನೂ ಕರೆದುಕೊಂಡು, ಸುಮಾರು 60 ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ ಬಸ್ಸು ಹತ್ತಿದೆ.

ಅಲ್ಲಿನ ಪಶುವೈದ್ಯೆ ನನ್ನ ಹಳೆಯ ವಿದ್ಯಾರ್ಥಿನಿ. ನಾನು ಕ್ಯಾಪ್ಸೂಲಿನ ವಿಷಯ ಹೇಳಿದಾಗ ಆಕೆ ಗಾಬರಿಯಾದಳು. "ಕೊಡಲಿಲ್ಲ ತಾನೆ ಸಾರ್? ಕೊಟ್ಟಿದ್ದರೆ ಹುಣ್ಣಿನಿಂದಲ್ಲ, ಔಷಧದಿಂದಲೇ ಸಾಯುವ ಅಪಾಯವಿತ್ತು. ಮೊಲದ ಸೀಕಮ್ ಎಷ್ಟು ದೊಡ್ಡದು, ಅದರಲ್ಲಿ ಯಾರು ವಾಸ ಮಾಡುತ್ತಾರೆ ಎಂದು ಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದವರು ನೀವೇ ಅಲ್ಲವೇ?" ಎಂದಳು. ನಾನು ತಲೆ ತಗ್ಗಿಸಿದೆ. ಹುಲ್ಲಿನ ನಾರನ್ನು ಕರಗಿಸುವ ಉಪಕಾರಿ ಬ್ಯಾಕ್ಟೀರಿಯಾಗಳು ಮೊಲದ ಆ ಕುರುಡುಕರುಳಿನಲ್ಲಿವೆ. ಬಾಯಿಯ ಮೂಲಕ ಕೊಟ್ಟ ಪೆನಿಸಿಲಿನ್ ವರ್ಗದ ಔಷಧಗಳು ಅವನ್ನು ಕೊಲ್ಲುತ್ತವೆ. ತೆರವಾದ ಜಾಗದಲ್ಲಿ ವಿಷಕಾರಿ ಬ್ಯಾಕ್ಟೀರಿಯಾಗಳು ಬೆಳೆದು, ಭೇದಿಯಾಗಿ ಪ್ರಾಣಿ ಸಾಯುತ್ತದೆ. ಮೂವತ್ತೆರಡು ವರ್ಷ ಬೋಧಿಸಿದ ಪಾಠ ನನ್ನ ಕೈಗೆ ಮಾತ್ರ ಇಳಿದಿರಲಿಲ್ಲ.

ಆಕೆ ಹುಣ್ಣಿನ ಕಾರಣವನ್ನು ವಿವರಿಸಿದಳು. ನಾಯಿ, ಬೆಕ್ಕುಗಳ ಪಾದಕ್ಕೆ ಇರುವಂತಹ ಮೆತ್ತೆ ಮೊಲಕ್ಕಿಲ್ಲ. ಅಂಗಾಲಿನ ಕೂದಲೇ ಅದರ ಪಾದರಕ್ಷೆ. ಮೆತ್ತನೆಯ ಮಣ್ಣಿನಲ್ಲಿ ಉಗುರುಗಳು ಒಳಗಿಳಿದು, ದೇಹದ ಭಾರ ಇಡೀ ಪಾದಕ್ಕೆ ಹಂಚಿಹೋಗುತ್ತದೆ. ತಂತಿಯ ಮೇಲಾಗಲಿ ಕಲ್ಲುಹಾಸಿನ ಮೇಲಾಗಲಿ ಉಗುರು ಇಳಿಯುವುದಿಲ್ಲ, ಭಾರ ಹಿಮ್ಮಡಿಗೆ ಬೀಳುತ್ತದೆ. ಉಗುರು ಉದ್ದವಾಗಿದ್ದರೆ, ಮೈ ಬೆಳೆದಿದ್ದರೆ, ಓಡಾಟವಿಲ್ಲದಿದ್ದರೆ, ಹಾಸು ಒದ್ದೆಯಾಗಿದ್ದರೆ ಇನ್ನೂ ಕಷ್ಟ. ಬೆಣ್ಣೆಯ ವಿಷಯದಲ್ಲಿ ಈ ಎಲ್ಲವೂ ಇದ್ದವು. ರೆಕ್ಸ್ ಎಂಬ ತಳಿಗೆ ಅಂಗಾಲಿನ ಕೂದಲೇ ತೆಳುವಾದ್ದರಿಂದ ಅದಕ್ಕೆ ಈ ರೋಗ ಇನ್ನೂ ಬೇಗ ತಗಲುತ್ತದೆಯಂತೆ. ಸತತ ಒತ್ತಡದಿಂದ ಚರ್ಮದ ಸಣ್ಣ ರಕ್ತನಾಳಗಳು ಮುಚ್ಚಿ, ರಕ್ತ ಸಿಗದೆ ಚರ್ಮ ಸಾಯುತ್ತದೆ. ಬಿರುಕಿನಲ್ಲಿ ಸೋಂಕು ಸೇರುತ್ತದೆ. ಮೊಲದ ಕೀವು ಗಟ್ಟಿ ಮೊಸರಿನಂತಿದ್ದು ತಾನಾಗಿ ಹರಿದುಹೋಗುವುದಿಲ್ಲ. ಬಿಟ್ಟರೆ ಮೂಳೆಗೆ ಇಳಿಯುತ್ತದೆ.

"ಹಾಸಿಗೆ ಹಿಡಿದವರಿಗೆ ಬೆನ್ನುಹುಣ್ಣು ಆಗುತ್ತದಲ್ಲ ಸಾರ್, ಇದೂ ಅದೇ" ಎಂದು ಆಕೆ ಸಹಜವಾಗಿ ಹೇಳಿದಳು. ನನಗೆ ಮಾತು ಹೊರಡಲಿಲ್ಲ. ನನ್ನ ತಾಯಿ ಕೊನೆಯ ಒಂಬತ್ತು ತಿಂಗಳು ಹಾಸಿಗೆಯಲ್ಲೇ ಇದ್ದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾ, ಬೆನ್ನು ಕೆಂಪಾಗಿದೆಯೇ ಎಂದು ರಾತ್ರಿ ದೀಪ ಹಿಡಿದು ನೋಡುತ್ತಿದ್ದವನು ನಾನೇ. ಅಮ್ಮನೂ ನೋವೆಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳದವರನ್ನು ನಾವೇ ತಿರುಗಿಸಿ ನೋಡಬೇಕು ಎಂದು ಆಗ ಕಲಿತದ್ದನ್ನು ಈಗ ಹೇಗೆ ಮರೆತೆ?

ಕ್ಷಕಿರಣ ಚಿತ್ರದಲ್ಲಿ ಮೂಳೆಗೆ ಸೋಂಕು ಹತ್ತಿರಲಿಲ್ಲ. ಅಲ್ಲಿಂದ ಮುಂದಿನದು ತಾಳ್ಮೆಯ ಕೆಲಸ. ನೋವಿಗೂ ಸೋಂಕಿಗೂ ಮೊಲಕ್ಕೆ ಒಗ್ಗುವ ಔಷಧಗಳನ್ನು ಆಕೆಯೇ ತೂಕ ನೋಡಿ ಕೊಟ್ಟಳು. ಎಡಗಾಲಿಗೆ ತಾನೇ ಪಟ್ಟಿ ಕಟ್ಟಿ, ಹೇಳಿದ ದಿನ ಕರೆತಂದು ಬದಲಿಸಿಕೊಳ್ಳಬೇಕು ಎಂದಳು. ಬಲಗಾಲನ್ನು ನಾವು ಪೊವಿಡೋನ್ ಅಯೋಡಿನ್ ದ್ರಾವಣವನ್ನು ತಿಳಿಚಹಾದ ಬಣ್ಣಕ್ಕೆ ಬರುವಷ್ಟು ನೀರು ಬೆರೆಸಿ ಒರೆಸಿ, ಕೂಡಲೇ ಒಣಬಟ್ಟೆಯಿಂದ ಒತ್ತಿ ಆರಿಸುತ್ತಿದ್ದೆವು. ಮುಲಾಮು ಬೇಡವೆಂದಳು. ನಾನು ಹಚ್ಚಿದ್ದರಲ್ಲಿ ಸ್ಟೀರಾಯ್ಡ್ ಇತ್ತು, ಅದು ಮೊಲಕ್ಕೆ ಒಳ್ಳೆಯದಲ್ಲ. ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ. "ಗಾಯ ಇರುವುದು ಕಾಲಿನಲ್ಲಿ, ರೋಗ ಇರುವುದು ನೆಲದಲ್ಲಿ. ನೆಲಕ್ಕೆ ಔಷಧ ಮಾಡದೆ ಕಾಲಿಗೆ ಮಾಡಿದರೆ ವಾಸಿಯಾಗದು" ಎಂಬುದು ಆಕೆಯ ಕಡೆಯ ಮಾತು.

ಮನೆಗೆ ಬಂದವನೇ ತಂತಿಜಾಲರಿಯನ್ನು ಕಿತ್ತುಹಾಕಿದೆ. ಹಿತ್ತಿಲ ಕೋಣೆಯಲ್ಲಿ ಮೂರು ಮಾರು ಜಾಗ ಬೇಲಿ ಕಟ್ಟಿ, ಚಾಪೆ ಹಾಸಿ, ಮೇಲೆ ನಾಲ್ಕು ಬೆರಳು ದಪ್ಪ ಒಣಹುಲ್ಲು ಹರಡಿದೆ. ಹುಲ್ಲಿನ ಚಾಪೆಯಾದರೆ ಮೊಲ ಕಡಿದರೂ ತೊಂದರೆಯಿಲ್ಲ, ಪ್ಲಾಸ್ಟಿಕ್ ಚಾಪೆ ಕೂಡದು. ಮೂತ್ರಕ್ಕೆ ಒಂದು ಮೂಲೆಯಲ್ಲಿ ಕಾಗದದ ಚೂರಿನ ತಟ್ಟೆ ಇಟ್ಟೆ. ಮೊಲಕ್ಕೆ ಆ ಶಿಸ್ತು ಬೇಗ ಬರುತ್ತದೆ. ಒದ್ದೆಯಾದ ಹುಲ್ಲನ್ನು ದಿನವೂ ತೆಗೆಯುತ್ತಿದ್ದೆ. ಬಿಸ್ಕತ್ತು ನಿಂತಿತು, ಕ್ಯಾರೆಟ್ ಅಪರೂಪದ ಸಿಹಿತಿಂಡಿಯಾಯಿತು. ಆದರೆ ತೂಕ ಇಳಿಸಲು ಮೊಲವನ್ನು ಉಪವಾಸ ಕೆಡವಬಾರದು, ಅದರ ಕರುಳು ನಿಂತರೆ ಜೀವಕ್ಕೇ ಅಪಾಯ. ಹುಲ್ಲು ಸದಾ ಮುಂದಿರಬೇಕು. ಅರ್ಧ ದಿನ ಏನನ್ನೂ ತಿನ್ನದಿದ್ದರೆ ವೈದ್ಯರ ಬಳಿಗೆ ಓಡಬೇಕು. ಸುಮಾರು ತಿಂಗಳಿಗೊಮ್ಮೆ, ಒಳಗಿನ ರಕ್ತನಾಳ ತಪ್ಪಿಸಿ, ಉಗುರಿನ ತುದಿ ಕತ್ತರಿಸಬೇಕು. ಅಂಗಾಲಿನ ಕೂದಲಿಗೆ ಮಾತ್ರ ಕತ್ತರಿ ತಾಗಿಸಬಾರದು. ಸ್ನಾನ ಬೇಡವೇ ಬೇಡ.

ವಾರಕ್ಕೊಮ್ಮೆ ಅಂಗಾಲು ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ನೆಲದ ಮೇಲೆಯೇ ಕುಳಿತು, ಪೃಷ್ಠಕ್ಕೆ ಕೈಯಾಸರೆ ಕೊಟ್ಟು ಮಡಿಲಿಗೆ ತೆಗೆದುಕೊಳ್ಳಿ. ಕೊಸರಿ ಒದ್ದರೆ ಅದರ ಬೆನ್ನುಮೂಳೆಯೇ ಮುರಿಯಬಹುದು. ಕೂದಲಿನ ನಡುವೆ ಒಣಗಿದ ಸಣ್ಣ ಜಡ್ಡು ಕಂಡರೆ ಹೆದರಬೇಡಿ, ಹಾಸನ್ನು ದಪ್ಪ ಮಾಡಿ. ಕೆಂಪು, ಊತ, ಹಕ್ಕಳೆ, ರಕ್ತ ಕಂಡರೆ ನಾಳೆಗೆ ಮುಂದೂಡಬೇಡಿ.

ಶಿವಮೊಗ್ಗದಿಂದ ಹಿಂದಿರುಗುವಾಗ ಬಸ್ಸಿನಲ್ಲಿ ಮೊಮ್ಮಗಳು, "ಅಜ್ಜ, ಬೆಣ್ಣೆಗೆ ಯಾಕೆ ಗಾಯ ಆಯ್ತು?" ಎಂದು ಕೇಳಿದ್ದಳು. ಮಳೆಯ ಮೇಲೆ ತಪ್ಪು ಹೊರಿಸಬಹುದಿತ್ತು. "ನನ್ನಿಂದ ಆಯ್ತು ಮಗು. ಅಜ್ಜಿ ಹೇಳಿದಾಗ ನಾನು ಎದ್ದು ನೋಡಲಿಲ್ಲ" ಎಂದೆ. ಅವಳು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, "ಇನ್ಮೇಲೆ ಇಬ್ಬರೂ ನೋಡೋಣ" ಎಂದಳು. ಅಂದಿನಿಂದ ಪ್ರತಿ ಭಾನುವಾರ ಅವಳು ಮೊಲ ಹಿಡಿಯುವುದು, ನಾನು ಕನ್ನಡಕ ಹಾಕಿಕೊಂಡು ಅಂಗಾಲು ನೋಡುವುದು ನಡೆಯಿತು.

ಬಲಗಾಲು ಐದಾರು ವಾರಗಳಲ್ಲಿ ಮಾಯಿತು. ಎಡಗಾಲಿಗೆ ಮೂರು ತಿಂಗಳು ಬೇಕಾಯಿತು. ಅಲ್ಲಿ ಕೂದಲು ಮತ್ತೆ ಬರಲಿಲ್ಲ. ಇಂದಿಗೂ ನುಣುಪಾದ ಒಂದು ಕಲೆ ಇದೆ. ಮೊಮ್ಮಗಳು ಈಗ ತಂದೆತಾಯಿಯ ಊರಿನಲ್ಲಿದ್ದಾಳೆ. ಭಾನುವಾರ ದೂರವಾಣಿ ಮಾಡಿದಾಗ ಅವಳ ಮೊದಲ ಪ್ರಶ್ನೆ, "ಅಜ್ಜ, ನೋಡಿದ್ರಾ?"

ಈಗ ಮೊಲವನ್ನು ಹಿಡಿದುಕೊಳ್ಳುವುದು ನಮ್ಮ ಮನೆಯಾಕೆ. ಬೆಣ್ಣೆ ನಾಲ್ಕೂ ಕಾಲೂರಿ ನಿಲ್ಲುತ್ತದೆ. ಅದನ್ನು ಎಣಿಸಿ ಆಕೆಗೆ ಒಪ್ಪಿಸುತ್ತೇನೆ.