ಕ್ಯಾಂಟರ್ಬರಿಯ ಮೈದಾನದಲ್ಲೊಂದು ಸ್ಮಾರಕ

ಇಂಗ್ಲೆಂಡಿನ ಕೆಂಟ್ ಪ್ರಾಂತದ ಕ್ಯಾಂಟರ್ಬರಿಯು ತನ್ನ ಪ್ರಾಚೀನ ಕ್ರೈಸ್ತ ಮಹಾಮಂದಿರದಿಂದ ಜಗತ್ಪ್ರಸಿದ್ಧವಾದ ಯಾತ್ರಾಸ್ಥಳ. ಕ್ರಿಕೆಟ್ ಪ್ರಿಯರಿಗಾದರೋ ಆ ಊರಿನಲ್ಲಿ ಮತ್ತೊಂದು ಕ್ಷೇತ್ರವುಂಟು. ಅದು 1847ರಿಂದಲೂ ಆಟ ಕಂಡ ಸೇಂಟ್ ಲಾರೆನ್ಸ್ ಮೈದಾನ. ಬೌಂಡರಿ ಗೆರೆಯ ಒಳಗೇ ಅಲ್ಲೊಂದು ಲಿಂಡನ್ ಮರವಿದ್ದಿತು. ಚೆಂಡು ಅದಕ್ಕೆ ತಗುಲಿದರೆ ನಾಲ್ಕು ಓಟ! 2005ರಲ್ಲಿ ಗಾಳಿಯ ಹೊಡೆತಕ್ಕೆ ಆ ಮರ ಉರುಳಿತು. ಆದರೆ ಮೊದಲನೆಯ ಮಹಾಯುದ್ಧದಲ್ಲಿ ಮಡಿದ ಆಟಗಾರರ ಸ್ಮಾರಕವು ಇಂದಿಗೂ ನಿಂತಿದೆ. ಅದರಲ್ಲಿ ಕೆತ್ತಿರುವ ಹೆಸರು ಕಾಲಿನ್ ಬ್ಲೈತ್.

ಬ್ಲೈತ್ ಹುಟ್ಟಿದ್ದು 1879ರಲ್ಲಿ, ಲಂಡನ್ನಿಗೆ ಹೊಂದಿದ ಡೆಪ್ಟ್‌ಫರ್ಡಿನಲ್ಲಿ. ತಂದೆ ಯಂತ್ರಗಳ ಕೆಲಸಗಾರ, ಮನೆತುಂಬ ಮಕ್ಕಳು. ಹದಿನೆಂಟರ ಹರೆಯದಲ್ಲಿ ಬ್ಲ್ಯಾಕ್‌ಹೀತಿಗೆ ಆಟ ನೋಡಲು ಹೋದ ಹುಡುಗನಿಗೆ, ಅಭ್ಯಾಸ ಮಾಡುತ್ತಿದ್ದ ಆಟಗಾರನೊಬ್ಬನಿಗೆ ಚೆಂಡೆಸೆಯುವ ಅವಕಾಶ ದೊರಕಿತು. ಅಷ್ಟೇ ಸಾಕಾಯಿತು, ಕೆಂಟ್ ತಂಡದ ತರಬೇತುದಾರನ ಕಣ್ಣು ಆ ಎಡಗೈಯ ಮೇಲೆ ಬಿದ್ದಿತು. 1899ರಿಂದ 1914ರವರೆಗೆ ಆ ಕೈ ಉರುಳಿಸಿದ ವಿಕೆಟ್ಟುಗಳು 2,503. 1907ರ ಜೂನ್ 1ರಂದು ನಾರ್ಥಾಂಪ್ಟನ್ನಿನಲ್ಲಿ ಒಂದೇ ದಿನ, ಕೇವಲ 48 ಓಟಗಳನ್ನಿತ್ತು, ಹದಿನೇಳು ಮಂದಿಯನ್ನು ಆತ ಹಿಂದಕ್ಕೆ ಕಳುಹಿಸಿದನು. ಅವನ ಕಾಲದಲ್ಲಿ ಕೆಂಟ್ ನಾಲ್ಕು ಬಾರಿ ಕೌಂಟಿ ಪ್ರಶಸ್ತಿಯನ್ನು ಗೆದ್ದಿತು.

ಬ್ಲೈತನ ಎಸೆತದಲ್ಲಿ ಆರ್ಭಟವಿರಲಿಲ್ಲ. ನಿಧಾನವಾಗಿ ಏರಿ, ದಾಂಡಿಗನ ಎದುರಿಗೆ ಇಳಿದು, ನೆಲ ಮುಟ್ಟಿದೊಡನೆ ಹೊರಳುವ ಚೆಂಡು ಅವನದು. ಬಿಡುವಿನ ವೇಳೆಯಲ್ಲಿ ಆತ ಪಿಟೀಲುವಾದಕ. ತಂತಿಗಳ ಮೇಲೆ ನಾದ ಹುಡುಕುವ ಎಡಗೈಯ ಬೆರಳುಗಳೇ ಚೆಂಡಿಗೂ ತಿರುವು ಕೊಡುತ್ತಿದ್ದವು. ಆದರೆ ಅಪಸ್ಮಾರವು ಅವನ ಬೆನ್ನು ಬಿಡಲಿಲ್ಲ. ದೊಡ್ಡ ಪಂದ್ಯಗಳ ಆತಂಕವು ಆ ಸೂಕ್ಷ್ಮ ಶರೀರವನ್ನು ಬಳಲಿಸುತ್ತಿತ್ತು. ಹತ್ತೊಂಬತ್ತು ಟೆಸ್ಟ್ ಪಂದ್ಯಗಳಲ್ಲಿ ನೂರು ವಿಕೆಟ್ ಪಡೆದವನಿಗೆ 1910ರ ಅನಂತರ ಟೆಸ್ಟ್ ಆಟವಿರಲಿಲ್ಲ.

ಇಂಥ ರೋಗವಿದ್ದರೂ 1914ರಲ್ಲಿ, ಯುದ್ಧ ಆರಂಭವಾದೊಡನೆ, ಆತ ಸೈನ್ಯಕ್ಕೆ ಸೇರಿದನು. ಬೆಲ್ಜಿಯಮ್ಮಿನ ಪಾಶೆಂಡಾಲ್ ಬಳಿ ಸೈನ್ಯದ ರೈಲುದಾರಿಯ ಕೆಲಸದಲ್ಲಿದ್ದಾಗ, 1917ರ ನವೆಂಬರ್ 8ರಂದು, ಶತ್ರುವಿನ ತೋಪಿನ ಗುಂಡು ಅವನನ್ನು ಬಲಿತೆಗೆದುಕೊಂಡಿತು. ಆಗ ವಯಸ್ಸು ಮೂವತ್ತೆಂಟು.

ಈಪರ್ ಪಟ್ಟಣದ ಸಮೀಪದ ಸೈನಿಕ ಸ್ಮಶಾನದಲ್ಲಿ ಅವನ ಸಮಾಧಿಯಿದೆ. 2009ರಲ್ಲಿ ಇಂಗ್ಲೆಂಡಿನ ಕ್ರಿಕೆಟ್ ತಂಡದವರು ಅಲ್ಲಿಗೆ ಹೋಗಿ, ಹೂವಿನ ಬದಲು ಕಲ್ಲಿನ ಚೆಂಡೊಂದನ್ನು ಇರಿಸಿ ಬಂದರು. ಚೆಂಡನ್ನು ಹೂವಿನಂತೆ ಹಿಡಿದ ಆ ಬೆರಳುಗಳಿಗೆ ಅದಕ್ಕಿಂತ ತಕ್ಕ ಕಾಣಿಕೆ ಯಾವುದು?