ಕೊಚ್ಚಿಗೆ ಮೂರು ದಿನ

ನಮ್ಮ ಕಡೆಯ ಹಿರಿಯರು ಊರು ಬಿಟ್ಟು ಹೊರಡುವುದು ಸಾಮಾನ್ಯವಾಗಿ ಮೂರೇ ಕಾರಣಗಳಿಗೆ: ಆಸ್ಪತ್ರೆ, ಮದುವೆ, ಹರಕೆ. ಕಾಸರಗೋಡಿನಿಂದ ಮಂಗಳೂರಿಗೆ ನೂರು ಸಲ ಹೋಗಿರುತ್ತಾರೆ. ಕಂಡದ್ದು ಡಾಕ್ಟರ ಕೋಣೆಯ ಹೊರಗಿನ ಬೆಂಚು ಮಾತ್ರ. ವೇಳಾಂಕಣಿಗೆ ಹೋಗಿರುತ್ತಾರೆ; ಎರಡು ರಾತ್ರಿ ಬಸ್ಸಿನಲ್ಲಿ, ಒಂದು ಹಗಲು ಸರತಿಯಲ್ಲಿ. "ಸುಮ್ಮನೆ ಒಂದು ಊರು ನೋಡಿ ಬರುತ್ತೇವೆ" ಎಂದು ಹೊರಟವರನ್ನು ನಾನು ಕಂಡದ್ದು ಬಹಳ ಕಡಿಮೆ. ಹಾಗೆ ಹೊರಡಲು ನಮ್ಮವರಿಗೆ ಏನೋ ಸಂಕೋಚ, ದುಡ್ಡು ಪೋಲು ಮಾಡಿದಂತೆ.

ಹೀಗಿರುವಾಗ ನಮ್ಮ ಧರ್ಮಕೇಂದ್ರದ ಹಿರಿಯ ದಂಪತಿಗಳು ಬಂದು, "ಫಾದರ್, ನಮಗೆ ಕೊಚ್ಚಿ ನೋಡಬೇಕು, ಹೇಗೆ ಹೋಗುವುದು ಹೇಳಿ" ಎಂದಾಗ ನನಗೆ ಆಶ್ಚರ್ಯವೂ ಆಯಿತು, ಸಂತೋಷವೂ ಆಯಿತು. ಬರುವ ಜನವರಿಗೆ ಅವರ ಮದುವೆಗೆ 50 ವರ್ಷ. ಗಲ್ಫಿನಲ್ಲಿರುವ ಮಕ್ಕಳು ಹಣ ಕಳುಹಿಸಿದ್ದಾರೆ. ಶಾಮಿಯಾನ, ದೊಡ್ಡ ಊಟ ಯಾವುದೂ ಬೇಡವೆಂದವರು ಆ ತಾಯಿಯೇ. ಅವರಿಗೆ ಮೂರು ವರ್ಷಗಳಿಂದ ಪಾರ್ಕಿನ್ಸನ್ ಕಾಯಿಲೆ. ಕೈ ನಡುಗುತ್ತದೆ, ಹೆಜ್ಜೆ ಗಿಡ್ಡವಾಗಿದೆ. ಡಾಕ್ಟರರು ಹೆಚ್ಚೇನೂ ಹೇಳಲಿಲ್ಲವಂತೆ. "ಹೋಗುವುದಿದ್ದರೆ ಈ ಸಲವೇ ಹೋಗಿ ಬನ್ನಿ" ಎಂದರಂತೆ. ಆ ಮಾತಿನ ಅರ್ಥ ಇಬ್ಬರಿಗೂ ಗೊತ್ತು.

ನನ್ನನ್ನೇ ಕೇಳಲು ಕಾರಣವಿದೆ. ಆಲುವಾದ ಗುರುಮಠದಲ್ಲಿ ಓದುವಾಗ ರಜೆಯ ದಿನಗಳಲ್ಲಿ ನಾವು ಗೆಳೆಯರು ಎರ್ನಾಕುಲಂಗೆ ಬಂದು, ಬೋಟು ಹಿಡಿದು ಫೋರ್ಟ್ ಕೊಚ್ಚಿಗೆ ಹೋಗುತ್ತಿದ್ದೆವು. ಜೇಬಿನಲ್ಲಿ ದುಡ್ಡಿರಲಿಲ್ಲ, ಆದ್ದರಿಂದ ಆ ಊರನ್ನು ನಡೆದೇ ನೋಡಿದ್ದೇನೆ.

ಯಜಮಾನರು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪಟ್ಟಿ ಬರೆದು ತಂದಿದ್ದರು. ಮೂರು ದಿನದಲ್ಲಿ ಕೊಚ್ಚಿ, ಆಲಪ್ಪುಳದ ಹೌಸ್‌ಬೋಟು, ಮೂನಾರ್, ಮಲಯಾಟ್ಟೂರು, ಅದಿರಪಳ್ಳಿ ಜಲಪಾತ! "ಅಷ್ಟು ದೂರ ಹೋದ ಮೇಲೆ ಎಲ್ಲಾ ನೋಡಬೇಕಲ್ಲ ಫಾದರ್" ಎಂದರು. ಆ ತಾಯಿ ಮೆಲ್ಲಗೆ, "ನನಗೆ ಕಡಲ ಹತ್ತಿರ ಕೂತರೆ ಸಾಕು" ಎಂದರು. "ಕಡಲು ನಮ್ಮಲ್ಲೇ ಇದೆಯಲ್ಲ, ಅದಕ್ಕೆ ಕೊಚ್ಚಿಗೆ ಯಾಕೆ ಹೋಗಬೇಕು?" ಎಂದರು ಯಜಮಾನರು. ಅದಕ್ಕೆ ಅವರ ಉತ್ತರ: "ಇಲ್ಲಿ ಕೂತರೆ ಹಟ್ಟಿಯ ದನ ನೆನಪಾಗುತ್ತದೆ. ದಾರಿಯಲ್ಲಿ ಹೋಗುವವರೆಲ್ಲ ಕಾಯಿಲೆ ಹೇಗಿದೆ ಎಂದು ಕೇಳುತ್ತಾರೆ."

ಆ ಮಾತಿನ ಮೇಲೆ ನಾವು ಪಟ್ಟಿಯನ್ನು ಹೊಸದಾಗಿ ಬರೆದೆವು. ಅದನ್ನು ಇಲ್ಲಿ ಕೊಡುತ್ತಿದ್ದೇನೆ. ಹಿರಿಯರನ್ನು ಕರೆದೊಯ್ಯುವ ಬೇರೆಯವರಿಗೂ ಉಪಯೋಗವಾದೀತು.

ಮೊದಲನೆಯದು ಸಮಯ. ಜೂನ್‌ನಿಂದ ಮಳೆ ಜೋರು. ಮಾರ್ಚ್, ಏಪ್ರಿಲ್‌ನಲ್ಲಿ ಸೆಕೆ. ಜನವರಿ ಒಳ್ಳೆಯದು. ಆದರೆ ಡಿಸೆಂಬರ್ ಕೊನೆಯ ವಾರ ಬೇಡ. ಹೊಸ ವರ್ಷದ ಮುನ್ನಾದಿನ 'ಪಪ್ಪಾಂಜಿ' ಎಂಬ ದೊಡ್ಡ ಅಜ್ಜನ ಪ್ರತಿಕೃತಿಯನ್ನು ಸುಡುವುದನ್ನು ನೋಡಲು ಅಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ ಸೇರುತ್ತಾರೆ. ನಾವು ಜನವರಿಯ ಮೂರನೆಯ ವಾರವನ್ನು ಆರಿಸಿದೆವು.

ಎರಡನೆಯದು ಪ್ರಯಾಣ. ಹಗಲಿನ ರೈಲು, ಕಿಟಕಿಯ ಪಕ್ಕದ ಸೀಟು. ತಂಗುವುದು ಫೋರ್ಟ್ ಕೊಚ್ಚಿಯಲ್ಲೇ. ಹಳೆಯ ಮನೆಗಳಲ್ಲಿ ಕೋಣೆ ಬಾಡಿಗೆಗೆ ಕೊಡುವವರು ಅಲ್ಲಿ ಬಹಳ. ಕೇಳಬೇಕಾದದ್ದು ಎರಡೇ: ಕೋಣೆ ನೆಲ ಅಂತಸ್ತಿನಲ್ಲಿದೆಯೇ, ಕಮೋಡ್ ಇದೆಯೇ. ಎರ್ನಾಕುಲಂನಿಂದ ಆಚೆ ದಡಕ್ಕೆ ಹೋಗಲು ಹಳೆಯ ಬೋಟುಗಳಿವೆ. 2023ರಲ್ಲಿ ಆರಂಭವಾದ ವಾಟರ್ ಮೆಟ್ರೋ 2024ರಿಂದ ಹೈಕೋರ್ಟ್ ಜೆಟ್ಟಿಯಿಂದ ಫೋರ್ಟ್ ಕೊಚ್ಚಿಗೂ ಬರುತ್ತಿದೆ. ಅದರ ಜೆಟ್ಟಿ ನೀರಿನ ಮೇಲೆ ತೇಲುತ್ತದೆ; ಬೋಟಿನ ಮಟ್ಟಕ್ಕೇ ಇರುವುದರಿಂದ ಕಾಲೆತ್ತಿ ದಾಟಬೇಕಾಗಿಲ್ಲ. ನಡುಗುವ ಕಾಲಿಗೆ ಇದು ದೊಡ್ಡ ಉಪಕಾರ.

ಮೂರನೆಯದು ಮಾತ್ರೆ. ಈ ಕಾಯಿಲೆಯವರು ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬೇಕು. ಅದು ಹಿಡಿದ ಮೇಲೆ ಸ್ವಲ್ಪ ಹೊತ್ತು ಮೈ ಹಗುರವಾಗಿರುತ್ತದೆ. ನಡೆಯುವ ಕೆಲಸವೆಲ್ಲ ಆ ಹೊತ್ತಿಗೇ. ಮಾತ್ರೆಗಳನ್ನು ಎರಡು ಪಾಲು ಮಾಡಿ ಎರಡು ಚೀಲಗಳಲ್ಲಿಡಲು ಹೇಳಿದ್ದೇನೆ. ಒಂದು ಕಳೆದರೂ ಇನ್ನೊಂದಿರುತ್ತದೆ.

ಇನ್ನು ನೋಡುವುದು. ಬೆಳಿಗ್ಗೆ ಒಂದು ಜಾಗ, ಸಂಜೆ ಒಂದು ಜಾಗ, ಮಧ್ಯಾಹ್ನ ನಿದ್ದೆ. ಇದೇ ನಮ್ಮ ಕಾನೂನು.

ಮೊದಲ ಬೆಳಿಗ್ಗೆ ಸಾಂತಾಕ್ರೂಜ್ ಬಸಿಲಿಕಾ. ಪೋರ್ಚುಗೀಸರು ಕಟ್ಟಿದ ಹಳೆಯ ದೇವಾಲಯ 1558ರಲ್ಲೇ ಕಥೆಡ್ರಲ್ ಆಗಿತ್ತು. 1663ರಲ್ಲಿ ಡಚ್ಚರು ಊರನ್ನು ಗೆದ್ದು ಅದನ್ನು ಆಯುಧಗಳ ಉಗ್ರಾಣ ಮಾಡಿದರು. 1795ರಲ್ಲಿ ಬಂದ ಬ್ರಿಟಿಷರು ಕೆಡವಿಯೇ ಬಿಟ್ಟರು. ಈಗಿರುವುದು 1905ರಲ್ಲಿ ಪ್ರತಿಷ್ಠೆಯಾದದ್ದು. ಅದರ ಒಳಗಿನ ಚಿತ್ರಗಳನ್ನು ಬರೆದವರು ಇಟಲಿಯ ಯೇಸುಸಭೆಯ ಬ್ರದರ್ ಅಂತೋನಿಯೊ ಮೊಸ್ಕೇನಿ. ಹೌದು, ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದ ಗೋಡೆ, ಮಾಳಿಗೆಗಳನ್ನು ತುಂಬಿದ ಅದೇ ಕೈ! ಇಲ್ಲಿನ ದೇವಾಲಯದ ಪ್ರತಿಷ್ಠೆಗೆ ಕೆಲವೇ ದಿನಗಳಿರುವಾಗ ಅವರು ತೀರಿಕೊಂಡರು. ಇದನ್ನು ಹೇಳಿದಾಗ ಆ ತಾಯಿಯ ಮುಖ ಅರಳಿತು. ಮಂಗಳೂರಿಗೆ ಡಾಕ್ಟರ ಬಳಿ ಹೋದಾಗಲೆಲ್ಲ ಆ ಪ್ರಾರ್ಥನಾಲಯದಲ್ಲಿ ಒಂದು ಗಳಿಗೆ ಕೂತು ಬರುವುದು ಅವರ ರೂಢಿ. "ಹಾಗಾದರೆ ಅಲ್ಲಿ ನಮಗೆ ಗುರುತಿನವರೊಬ್ಬರು ಇದ್ದಾರೆ" ಎಂದರು.

ಅಲ್ಲಿಂದ ಸಂತ ಫ್ರಾನ್ಸಿಸ್ ಚರ್ಚ್ ಹತ್ತಿರವೇ. ಅದು ಈಗ ದಕ್ಷಿಣ ಭಾರತ ಸಭೆಯವರದು. 1524ರ ಕ್ರಿಸ್ತಜಯಂತಿಯ ಮುನ್ನಾದಿನ ಕೊಚ್ಚಿಯಲ್ಲೇ ಸತ್ತ ವಾಸ್ಕೊ ಡ ಗಾಮನನ್ನು ಮಣ್ಣು ಮಾಡಿದ್ದು ಅಲ್ಲಿ. ಸುಮಾರು 14 ವರ್ಷಗಳ ಬಳಿಕ ಅಸ್ಥಿಯನ್ನು ಪೋರ್ಚುಗಲ್ಲಿಗೆ ಒಯ್ದರು. ಕಲ್ಲು ಮಾತ್ರ ಉಳಿದಿದೆ. ಇದಕ್ಕೆ ಹತ್ತು ನಿಮಿಷ ಸಾಕು.

ಸಂಜೆ ಚೀನಾ ಬಲೆಗಳು. ಇವುಗಳ ಮುಂದೆ ಮಾತ್ರ ಗಡಿಬಿಡಿ ಮಾಡಬಾರದು. ಮರದ ದೊಡ್ಡ ತೊಲೆಯ ಒಂದು ತುದಿಗೆ ಬಲೆ, ಇನ್ನೊಂದು ಕಡೆ ಹಗ್ಗದಲ್ಲಿ ಕಟ್ಟಿದ ಕಲ್ಲುಗಳು. ನಾಲ್ಕಾರು ಮಂದಿ ಹಗ್ಗ ಹಿಡಿದು ಎಳೆದರೆ ಬಲೆ ನೀರಿನಿಂದ ಮೇಲೇಳುತ್ತದೆ. ಕೆಲವೊಮ್ಮೆ ಬೊಗಸೆ ಮೀನು, ಕೆಲವೊಮ್ಮೆ ಬರೀ ಪಾಚಿ. ಮತ್ತೆ ಇಳಿಸುತ್ತಾರೆ. ಹಿಂದೆ ಸೂರ್ಯ ಮುಳುಗುತ್ತಿರುತ್ತಾನೆ. ಒಂದು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ.

ಎರಡನೆಯ ದಿನ ರಿಕ್ಷಾದಲ್ಲಿ ಮಟ್ಟಂಚೇರಿ. ಅಲ್ಲಿನ ಅರಮನೆಯ ಗೋಡೆಗಳಲ್ಲಿ ರಾಮಾಯಣದ ಚಿತ್ರಗಳು. ಪಕ್ಕದಲ್ಲೇ 1568ರ ಯೆಹೂದ್ಯರ ಸಿನಗಾಗ್, ನೆಲಕ್ಕೆ ಚೀನಾದಿಂದ ತಂದ ನೀಲಿ ಬಿಲ್ಲೆಗಳು. ಶುಕ್ರವಾರ ಅರಮನೆಗೂ ಶನಿವಾರ ಸಿನಗಾಗಿಗೂ ಬಾಗಿಲು. ಆದ್ದರಿಂದ ವಾರದ ನಡುವೆ ಹೋಗಬೇಕು. ಈ ಮಟ್ಟಂಚೇರಿಯಲ್ಲಿ ಕೊಂಕಣಿ ಮಾತು ಕಿವಿಗೆ ಬೀಳುತ್ತದೆ. ಪೋರ್ಚುಗೀಸರ ಕಾಲದಲ್ಲಿ ಗೋವೆಯಿಂದ ಬಂದು ನೆಲೆಸಿದ ಗೌಡ ಸಾರಸ್ವತರ ಮನೆಗಳಿವೆ. ಡಚ್ಚರು 1678ರಿಂದ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚು ಹಾಕಿಸಿದ ಮಲಬಾರಿನ ಗಿಡಮೂಲಿಕೆಗಳ ದೊಡ್ಡ ಗ್ರಂಥಕ್ಕೆ ನೆರವಾದ ಕೊಂಕಣಿ ವೈದ್ಯರೂ ಕೊಚ್ಚಿಯವರೇ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಎಂದು ಬದುಕುವ ನಮ್ಮಂಥವರಿಗೆ ಆ ಊರು ಪರವೂರಲ್ಲ.

ಮೂರನೆಯ ದಿನದ ಜಾಗವನ್ನು ನಾನು ಖಾಲಿ ಬಿಟ್ಟೆ. ಯಜಮಾನರಿಗೆ ಸಮಾಧಾನವಾಗಲಿಲ್ಲ. "ಇಲ್ಲಿ ಏನು ಬರೆಯಲಿ ಫಾದರ್?" ಎಂದು ಪೆನ್ನು ಹಿಡಿದು ಕೂತರು. ಆ ತಾಯಿ, "ಕೂತುಕೊಳ್ಳುವುದು ಎಂದು ಬರೆಯಿರಿ" ಎಂದರು. ಅವರು ಹಾಗೆಯೇ ಬರೆದರು. ಆಮೇಲೆ ಸ್ವಲ್ಪ ಯೋಚಿಸಿ, ಅದರ ಮುಂದೆ 'ಇಬ್ಬರೂ' ಎಂದು ಸೇರಿಸಿದರು.

ಶಿಷ್ಯರು ಊಟಕ್ಕೂ ಬಿಡುವಿಲ್ಲದೆ ದಣಿದು ಬಂದಾಗ ಯೇಸುಸ್ವಾಮಿ ಅವರನ್ನು ಇನ್ನೊಂದು ಕೆಲಸಕ್ಕೆ ಕಳುಹಿಸಲಿಲ್ಲ, ಏಕಾಂತ ಸ್ಥಳದಲ್ಲಿ ವಿಶ್ರಮಿಸಲು ಕರೆದರು ಎಂಬುದನ್ನು ಮಾರ್ಕನ ಶುಭಸಂದೇಶದಲ್ಲಿ ಓದುತ್ತೇವೆ. ನಮ್ಮ ಮನೆಗಳಲ್ಲಿ ಐವತ್ತು ವರ್ಷ ದುಡಿದವರಿಗೆ ಹಾಗೆ ಕರೆಯುವವರು ಯಾರು? ಮಕ್ಕಳು ಆಸ್ಪತ್ರೆಯ ಬಿಲ್ಲು ಕಟ್ಟುತ್ತಾರೆ, ಅದು ದೊಡ್ಡದೇ. ಆದರೆ ತಂದೆತಾಯಿಯ ಕಾಲು ನಡೆಯುತ್ತಿರುವಾಗಲೇ ಒಮ್ಮೆ ಕೇಳಿ: ನಿಮಗೆ ಎಲ್ಲಿಗೆ ಹೋಗಬೇಕೆಂದಿದೆ? ಅವರು "ನಮಗೇನು ಬೇಡ" ಎಂದೇ ಹೇಳುತ್ತಾರೆ. ಎರಡನೆಯ ಸಲವೂ ಕೇಳಿ.

ದನ ನೋಡಿಕೊಳ್ಳಲು ಪಕ್ಕದ ಮನೆಯವರು ಒಪ್ಪಿದ್ದಾರೆ. ಹಟ್ಟಿಯ ಚಿಂತೆ ಬಿಟ್ಟು ಇಬ್ಬರೂ ಹೋಗಿ ಬರಲಿ.