ಹಸಿರು ಲೈಟ್ ಹತ್ತವಲ್ದು

"ಕೆಂಪು ಲೈಟ್ ಹತ್ತ್ಯಾದ, ಹಸಿರು ಹತ್ತವಲ್ದು ನೋಡಪ್ಪಾ" ಅಂತ ಅವ್ವನ ಫೋನ್ ಬಂದಾಗ ನಾನು ಬೆಂಗಳೂರಿನ ಆಫೀಸಿನಲ್ಲಿ ಹೊಸ ಹುಡುಗರಿಗೆ ಬ್ಯಾಕಪ್ ಪಾಠ ಹೇಳ್ತಾ ಇದ್ದೆ. ಮೂರು ಪ್ರತಿ ಇರಬೇಕು, ಎರಡು ಬಗೆಯ ಸಾಧನದಲ್ಲಿರಬೇಕು, ಒಂದಾದರೂ ಬೇರೆ ಜಾಗದಲ್ಲಿರಬೇಕು. ಮನ್ನಾಏಖೇಳ್ಳಿಯ ನಮ್ಮ ಮನೆಯಲ್ಲಿ ಇದ್ದದ್ದು ಮಾತ್ರ ಒಂದೇ ಪ್ರತಿ, ಉಗುರಿನಷ್ಟು ಮೆಮೊರಿ ಕಾರ್ಡಿನಲ್ಲಿ.

2020ರ ಲಾಕ್‌ಡೌನಿನಲ್ಲಿ ಊರಲ್ಲಿದ್ದಾಗ ರಾಸ್ಪ್‌ಬೆರಿ ಪೈ ಇಟ್ಟು ಸಣ್ಣ ಸರ್ವರ್ ಮಾಡಿದ್ದೆ. ಆಯಿ ಹಾಡಿದ ಬೀಸೋಕಲ್ಲಿನ ಹಾಡುಗಳನ್ನು ರೆಕಾರ್ಡ್ ಮಾಡಿ ಅದರಲ್ಲಿ ತುಂಬಿಸಿದ್ದೆ, ಒಟ್ಟು 43. ಮಾರನೇ ವರ್ಷ ಆಯಿ ಹೋದಳು. ಸಂಜೆಯಾದರೆ ಅವ್ವ ಟಿವಿಯಲ್ಲಿ ಅವನ್ನೇ ಹಚ್ಚಿಕೊಂಡು ಕೂಡ್ತಿದ್ದಳು.

ಕೆಂಪು ಲೈಟ್ ಅಂದ್ರೆ ಕರೆಂಟ್ ಬಂದಿದೆ ಅಂತ. ಹಸಿರು ಮಿಣುಕಿದರೆ ಕಾರ್ಡ್ ಓದ್ತಾ ಇದೆ ಅಂತ. ಕಾರ್ಡಿನ ಮೊದಲ ಭಾಗದಲ್ಲಿರೋ ಬೂಟ್ ಫೈಲುಗಳೇ ಸಿಗದಿದ್ದರೆ ಯಂತ್ರ ಏಳೋದೇ ಇಲ್ಲ. ತಪ್ಪು ನನ್ನದೇ. ನಿಮಿಷ ನಿಮಿಷಕ್ಕೂ ಲಾಗ್ ಬರೆಯೋ ಹಂಗೆ ಬಿಟ್ಟಿದ್ದೆ, ಯುಪಿಎಸ್ ಬ್ಯಾಟರಿ ಸತ್ತದ್ದು ಗೊತ್ತಿದ್ದೂ ಬದಲಿಸಿರಲಿಲ್ಲ. ಬರೆಯುವ ಹೊತ್ತಿಗೇ ಕರೆಂಟ್ ಹೋದರೆ ಅರ್ಧ ಬರೆದದ್ದಷ್ಟೇ ಅಲ್ಲ, ಪಕ್ಕದ್ದೂ ಕೆಡಬಹುದು.

ರಾತ್ರಿ ಬಸ್ಸಿಗೆ ಹೊರಟು, ಹುಮನಾಬಾದಿನಲ್ಲಿ ಇಳಿದು ಊರು ಸೇರಿದೆ. ತಕ್ಷಣ ಎಫ್‌ಎಸ್‌ಸಿಕೆ ಓಡಿಸೋಣ ಅಂತ ಕೈ ತುರಿಸಿತು. ಆದರೆ ಅದು ರಿಪೇರಿ ಮಾಡುತ್ತಾ ಕಾರ್ಡಿನ ಮೇಲೇ ಬರೆಯುತ್ತೆ. ಸಾಯುತ್ತಿರೋ ಕಾರ್ಡಿಗೆ ಅದೇ ಕೊನೇ ಏಟಾಗಬಹುದು. ಮೊದಲು ಡಿಡಿರೆಸ್ಕ್ಯೂನಿಂದ ಲ್ಯಾಪ್‌ಟಾಪಿಗೆ ಇಡೀ ಕಾರ್ಡಿನ ನಕಲು ತೆಗೆದೆ. ಅದು ಸಲೀಸಾಗಿ ಓದಲು ಬರೋದನ್ನ ಮೊದಲು ಎತ್ತಿಕೊಳ್ಳುತ್ತೆ, ಹಟ ಮಾಡೋ ಜಾಗಕ್ಕೆ ಆಮೇಲೆ ಬರುತ್ತೆ. ಮರದಲ್ಲಿ ತೊಗರಿ ಕೇರುವ ಅವ್ವನಿಗೆ ಇದನ್ನ ವಿವರಿಸಬೇಕಾಗಲಿಲ್ಲ.

ರಾತ್ರಿಯಿಡೀ ಓಡಿತು. ಬೆಳಿಗ್ಗೆ ನಕಲನ್ನ ಮೌಂಟ್ ಮಾಡಿದರೆ ಸೂಪರ್‌ಬ್ಲಾಕ್ ಕೆಟ್ಟಿದೆ ಅಂದಿತು. ಪುಣ್ಯಕ್ಕೆ ಇಎಕ್ಸ್‌ಟಿ4 ಆ ಸೂಪರ್‌ಬ್ಲಾಕಿನ ಪ್ರತಿಗಳನ್ನ ಬೇರೆ ಬೇರೆ ಕಡೆ ಬಚ್ಚಿಟ್ಟಿರುತ್ತೆ. 32768ನೇ ಬ್ಲಾಕಿನಲ್ಲಿದ್ದ ಪ್ರತಿ ಹಿಡಿದು ರಿಪೇರಿ ಮಾಡಿದೆ, ಕಾರ್ಡನ್ನಲ್ಲ, ನಕಲನ್ನ.

ಹಾಡುಗಳು ಸಿಕ್ಕವು. ಆದರೆ ಹೆಸರಿಲ್ಲ! ಫೋಲ್ಡರಿನ ಪಟ್ಟಿ ಅಳಿಸಿಹೋಗಿ, ಎಲ್ಲ ಬರೀ ನಂಬರು ಹೊತ್ತು ಲಾಸ್ಟ್ ಅಂಡ್ ಫೌಂಡಿನಲ್ಲಿ ಬಿದ್ದಿದ್ದವು.

ಅವ್ವನನ್ನ ಪಕ್ಕಕ್ಕೆ ಕೂಡಿಸಿಕೊಂಡೆ. ಒಂದೊಂದೇ ಹಚ್ಚಿದೆ. ಶಾಲೆ ಮೆಟ್ಟಿಲು ಹತ್ತದ ಅವ್ವ ಆಯಿ ಇನ್ನೂ ಉಸಿರು ಎಳಕೊಳ್ಳುತ್ತಿರುವಾಗಲೇ ಹೇಳ್ತಿದ್ದಳು: "ಇದು ತವರುಮನಿದು. ಇದು ತೊಟ್ಟಿಲದ್ದು. ಇದು ನಿನ್ನ ಮುತ್ಯಾಗ ಬೈದು ಹಾಡಿದ್ದು." ನಾನು ಟೈಪ್ ಮಾಡ್ತಾ ಹೋದೆ. ಎರಡು ಮಾತ್ರ ಏಳಲಿಲ್ಲ. ಯಾವುವು ಅಂತ ಲ್ಯಾಪ್‌ಟಾಪಿಗೆ ಗೊತ್ತಿರಲಿಲ್ಲ, ಅವ್ವ ಬೆರಳೆಣಿಸಿ ಹೇಳಿದಳು.

"ಒಂದು ನಂಗ ಅರ್ಧ ಬರ್ತದ" ಅಂದಳು. ಫೋನಿನಲ್ಲಿ ರೆಕಾರ್ಡ್ ಒತ್ತಿದೆ. ಅವ್ವ ಹಾಡಿದ್ದನ್ನ ನಾನು ಕೇಳಿದ್ದು ಅದೇ ಮೊದಲು.

ಈಗ ಮೂರು ಪ್ರತಿ ಇವೆ, ಒಂದು ಬೆಂಗಳೂರಿನಲ್ಲಿದೆ, ಯುಪಿಎಸ್‌ಗೆ ಹೊಸ ಬ್ಯಾಟರಿ ಬಂದಿದೆ. ಉಳಿದ ಇನ್ನೊಂದು ಹಾಡಿಗೆ ಅವ್ವನದೇ ಪ್ಲಾನ್: "ಎಳ್ಳಮಾಸಿಗಿ ಚಿಕ್ಕವ್ವ ಬರ್ತಾಳ, ಕೇಳಮ್."